ಪ್ರಶ್ನೆ ಇಲ್ಲದ ಉತ್ತರ

ನನ್ನ ತಂಗಿ ಧರ್ಮವನ್ನು ಓದುತ್ತಾಳೆ, ನನ್ನ ಹೆಂಡತಿ ಧರ್ಮವನ್ನು ನಂಬುತ್ತಾಳೆ, ನಾನು ಲಿಫ್ಟ್ ರಿಪೇರಿ ಮಾಡುತ್ತೇನೆ. ಮೂವರಲ್ಲಿ ಸಂಜೆಯ ಹೊತ್ತಿಗೆ ಕೈ ಮಸಿಯಾಗುವುದು ನನಗೊಬ್ಬನಿಗೇ. ಊಟಕ್ಕೆ ಕೂತಾಗ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ತಂಗಿ ನಗುತ್ತಾಳೆ, ಹೆಂಡತಿ ನಗುವುದಿಲ್ಲ. ಆದರೆ ಅವತ್ತು ಬೆಳಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಇಬ್ಬರೂ ಸೇರಿ ನನ್ನನ್ನು ಪೇಚಿಗೆ ಸಿಕ್ಕಿಸಿದರಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ತಂಗಿ ಅಲ್ಲಿ ಇರಲೂ ಇಲ್ಲ. ಅವಳು ಮಾಡಿದ ಯಂತ್ರ ಹೆಂಡತಿಯ ಕೈಯಲ್ಲಿತ್ತು, ಅಷ್ಟೇ ಸಾಕಾಯಿತು.

ಹೆಂಡತಿಯ ಪಿತ್ತಕೋಶದಲ್ಲಿ ಕಲ್ಲಿತ್ತು. ಅದು ಹೊಸ ಸಂಗತಿಯೇನಲ್ಲ. ಬಲಪಕ್ಕೆಯ ಕೆಳಗೆ ನೋವು ಬರುತ್ತಿತ್ತು, ಹೋಗುತ್ತಿತ್ತು, ಅವಳು ಹಲ್ಲು ಕಚ್ಚಿಕೊಂಡು ಮನೆಗೆಲಸ ಮಾಡಿಕೊಂಡಿರುತ್ತಿದ್ದಳು. ಆ ದಿನ ಬಂದ ನೋವು ಮಾತ್ರ ಹೋಗಲಿಲ್ಲ. ಜೊತೆಗೆ ಜ್ವರ ಏರಿತು, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋದ ಹಾಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದರು. ಸರ್ಜನ್ ಹೆಂಗಸು, ಕಡಿಮೆ ಮಾತಿನವರು. ಒಳಗೆ ಕೀವು ಕಟ್ಟಿದೆ, ಇವತ್ತೇ ತೆಗೆಯಬೇಕು, ಅದು ಒಡೆದುಕೊಂಡರೆ ಆಮೇಲೆ ನನ್ನ ಕೈಯಲ್ಲಿ ಇರುವುದಿಲ್ಲ ಎಂದು ಸುತ್ತುಬಳಸು ಇಲ್ಲದೆ ಹೇಳಿದರು. ನಾನು ಆಗಲಿ ಅಂದೆ. ಹೆಂಡತಿ ಒಂದು ಗಳಿಗೆ ಕೊಡಿ ಅಂದಳು.

ಗಳಿಗೆ ಯಾಕೆಂದು ಆಮೇಲೆ ಗೊತ್ತಾಯಿತು. ಕಾರಿಡಾರಿನ ಬೆಂಚಿನ ಮೇಲೆ ಬಗ್ಗಿ ಕೂತು, ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಫೋನಿನಲ್ಲಿ ಏನೋ ಬರೆದಳು. ಫೋನನ್ನು ಕಿವಿಗೆ ಒತ್ತಿಕೊಂಡಳು. ಮುಖ ನೋಡನೋಡುತ್ತಿದ್ದ ಹಾಗೆ ಬಿಳುಪಾಯಿತು, ಆಮೇಲೆ ಸಮಾಧಾನವಾಯಿತು. ಆ ಸಮಾಧಾನ ನೋಡಿಯೇ ನನಗೆ ಹೆದರಿಕೆ ಹುಟ್ಟಿತು.

"ಮನೆಗೆ ಹೋಗೋಣ," ಅಂದಳು. "ಬೇಡ ಅಂದ್ರು ದೊಡ್ಡವರು."

ದೊಡ್ಡವರು ಅಂದರೆ ಅವಳ ಗುರುಗಳು, ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅದನ್ನು ಹೇಳಿದರೆ ಸಾಲದು, ಅವರ ಸಭೆಯ ವಿಷಯವನ್ನೂ ಹೇಳಬೇಕು. ಹೆಂಡತಿ ಮದುವೆಗೆ ಮುಂಚಿನಿಂದಲೂ ಆ ಸಭೆಯವಳು. ನಾನು ಹೊಸ್ತಿಲು ಕೂಡ ತುಳಿದವನಲ್ಲ. ವಾರಕ್ಕೊಮ್ಮೆ ಒಂದು ಉದ್ದನೆಯ ಕೋಣೆಯಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿ ಕೂರುತ್ತಾರಂತೆ. ಯಾರಿಗೆ ಏನು ಕೇಳಬೇಕೋ ಅವರು ಎಲ್ಲರ ಹಿಂದೆ ಹೋಗಿ ಕೂತು ಕೇಳುತ್ತಾರೆ. ಕೇಳಿದವರು ಯಾರೆಂದು ಯಾರೂ ತಿರುಗಿ ನೋಡಬಾರದು, ಹೊರಗೆ ಬಂದ ಮೇಲೆ ಕೇಳಿದ್ದರ ಬಗ್ಗೆ ಯಾರೂ ತುಟಿ ಬಿಚ್ಚಬಾರದು. ದೊಡ್ಡವರು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತಿದ್ದರು. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಅದನ್ನೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದರು.

ಆ ಕ್ಯಾಸೆಟ್ಟುಗಳ ಮೇಲೆ ನನ್ನ ತಂಗಿಯ ಕಣ್ಣು ಬಿತ್ತು. ಅವಳು ವಿಶ್ವವಿದ್ಯಾಲಯದ ಧರ್ಮ ಅಧ್ಯಯನ ವಿಭಾಗದಲ್ಲಿ ಸಂಶೋಧಕಿ. ಮನೆಯಲ್ಲಿ ಪುಟ್ಟಿ, ಅಲ್ಲಿ ಮೇಡಂ. ಅತ್ತಿಗೆಯ ಹಿಂದೆ ಬಿದ್ದು, ಸಭೆಯ ಹಿರಿಯರ ಕೈಕಾಲು ಹಿಡಿದು, ಎಲ್ಲವನ್ನೂ ತಂದು ಕಂಪ್ಯೂಟರಿಗೆ ಇಳಿಸಿದಳು. ಜನ ಏನು ಕೇಳುತ್ತಾರೆ, ಗುರುವಿನ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಇದೆಲ್ಲ ಅವಳ ಅಧ್ಯಯನ. ಕೊನೆಗೆ ಒಂದು ಯಂತ್ರ ತಯಾರಾಯಿತು. ಫೋನಿನಲ್ಲಿ ಪ್ರಶ್ನೆ ಬರೆದರೆ ದೊಡ್ಡವರ ಹಳೆಯ ಉತ್ತರವೊಂದನ್ನು ಹುಡುಕಿ, ಅವರದೇ ದನಿಯಲ್ಲಿ ಕೇಳಿಸುತ್ತದೆ. ಮಾಡಿದ್ದು ಓದುವವರಿಗಾಗಿ. ಆದರೆ ಸಭೆಯವರು ನಮಗೂ ಬೇಕು ಅಂದರು, ಅವರ ಸರಕು, ಇಲ್ಲ ಅನ್ನುವುದಕ್ಕೆ ಆಗಲಿಲ್ಲ. ಪರದೆಯ ಕೆಳಗೆ ಇದು ಅಧ್ಯಯನಕ್ಕೆ ಮಾತ್ರ ಎಂದು ಇರುವೆಯಷ್ಟು ಅಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಓದಿದವರು ಯಾರಾದರೂ ಇದ್ದರೆ ನನಗೆ ತೋರಿಸಿ.

ಕಾರಿಡಾರಿನಲ್ಲಿ ತನಗೆ ಬಂದ ಉತ್ತರವನ್ನು ಹೆಂಡತಿ ನನಗೂ ಕೇಳಿಸಿದಳು. ಮುದುಕರ ದನಿ, ಮೊದಲು ಒಂದು ಕೆಮ್ಮು, ಆಮೇಲೆ ನಿಧಾನವಾಗಿ ಮಾತು: "ಬೇಡ ಮಗಳೇ. ಅವಸರ ಮಾಡಬೇಡ. ಇದ್ದ ಹಾಗೇ ಇರು. ಸ್ವಲ್ಪ ತಾಳ್ಕೋ, ತಾನಾಗೇ ಸರಿಹೋಗುತ್ತೆ."

ನಾನು ಅಲ್ಲೇ ಕಿರುಚಿದೆ. ನರ್ಸು ಬಂದು ಇದು ಆಸ್ಪತ್ರೆ ಅಂದಳು. ನನಗೂ ಗೊತ್ತು ಅದು ಆಸ್ಪತ್ರೆ ಎಂದು, ಅದಕ್ಕೇ ಕಿರುಚಿದ್ದು. ಸರ್ಜನ್ನರು ಹೆಂಡತಿಯ ಪಕ್ಕ ಕೂತು ಇನ್ನೊಂದು ಸಲ ಬಿಡಿಸಿ ಹೇಳಿದರು. ಅವಳು ಅವರ ಕೈ ಹಿಡಿದು, ನಿಮ್ಮ ಮೇಲೆ ನನಗೆ ಬೇಜಾರಿಲ್ಲ ಡಾಕ್ಟರೇ ಅಂದಳು. ಒಪ್ಪದ ಮನುಷ್ಯರನ್ನು ಟೇಬಲ್ಲಿನ ಮೇಲೆ ಮಲಗಿಸುವ ಹಾಗಿಲ್ಲವಂತೆ. ಸಂಜೆಯ ತನಕ ಆಪರೇಷನ್ ಥಿಯೇಟರು ಇಟ್ಟುಕೊಂಡಿರುತ್ತೇನೆ, ಮನಸ್ಸು ಬದಲಾದರೆ ಬನ್ನಿ, ತಡ ಮಾಡಿದಷ್ಟೂ ಅಪಾಯ ಎಂದು ಅವರು ನನ್ನ ಕಡೆ ನೋಡಿ ಹೇಳಿದರು. ನಾನೇನು ಮಾಡಲಿ? ಮನೆಗೆ ಬರುವ ದಾರಿಯಲ್ಲೂ ಕಿರುಚಿದೆ. ಅವಳು ಕಾರಿನ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಹೊರಗೆ ನೋಡುತ್ತ ಕೂತಿದ್ದಳು. ಕಿರುಚಾಟ ಅವಳಿಗೆ ತಾಗುವುದು ಯಾವತ್ತೋ ನಿಂತುಹೋಗಿತ್ತು.

ಮಗಳು ಕಾಲೇಜಿಗೆ ರಜೆ ಹಾಕಿ ಅಮ್ಮನ ಪಕ್ಕ ಕೂತಳು. ನಾನು ನೇರವಾಗಿ ತಂಗಿಯ ವಿಭಾಗಕ್ಕೆ ಹೋದೆ. ಯಂತ್ರ ಹೇಳಿದ್ದನ್ನು ಯಂತ್ರ ಮಾಡಿದವಳೇ ಸುಳ್ಳು ಅಂದರೆ ಹೆಂಡತಿ ನಂಬದೆ ಏನು ಮಾಡುತ್ತಾಳೆ, ಇದು ನನ್ನ ಲೆಕ್ಕಾಚಾರ.

ತಂಗಿ ಕೂರುವುದು ಹಿಂದಿನ ಕಡೆಯ ಒಂದು ಇಕ್ಕಟ್ಟಾದ ಕೋಣೆಯಲ್ಲಿ. ಗೋಡೆಗೆಲ್ಲ ಸದ್ದು ಹೀರುವ ಸ್ಪಂಜು ಮೆತ್ತಿದ್ದಾರೆ, ಕಿಟಕಿ ತೆರೆಯುವುದಿಲ್ಲ, ಕಪಾಟಿನಲ್ಲಿ ಕ್ಯಾಸೆಟ್ಟುಗಳ ಡಬ್ಬಗಳು, ಮೇಜಿನ ಮೇಲೆ ಎರಡು ಪರದೆ, ಒಂದು ದಪ್ಪ ಹೆಡ್‌ಫೋನು. ಒಳಗೆ ಹೋದರೆ ನಮ್ಮ ದನಿ ನಮಗೇ ಬೇರೆಯವರದ್ದರ ಹಾಗೆ ಕೇಳಿಸುತ್ತದೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನಿನ್ನ ಯಂತ್ರ ನಿನ್ನ ಅತ್ತಿಗೆಯನ್ನು ಕೊಲ್ಲುತ್ತಿದೆ ಅಂದೆ. ತಂಗಿ ಬಾಯಿಗೆ ಕೈ ಇಟ್ಟುಕೊಂಡಳು, ಮರುಗಳಿಗೆಗೇ ಕೀಲಿಮಣೆಯ ಮೇಲೆ ಕೈ ಇಟ್ಟಳು.

ಆ ಉತ್ತರ ಸುಲಭವಾಗಿ ಸಿಕ್ಕಿತು. ಪರದೆಯ ಮೇಲೆ ಅದರ ಸದ್ದಿನ ಗೆರೆ ಮೂಡಿತು. ಕೆಮ್ಮಿನದೊಂದು ಮೊನೆ, ಆಮೇಲೆ ಮಾತಿನ ಏರಿಳಿತ. ಕೆಮ್ಮಿಗೂ ಮುಂಚೆ ಉದ್ದಕ್ಕೆ ಬೋಳು ಗೆರೆ.

ಇದೇನು ಖಾಲಿ ಅಂದೆ.

ತಂಗಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಸಭೆಯ ಹಿರಿಯರು ಕ್ಯಾಸೆಟ್ಟು ಕೊಡುವಾಗ ಒಂದೇ ಷರತ್ತು ಹಾಕಿದ್ದರು. ಕೇಳಿದವರ ದನಿ ಯಾರ ಕಿವಿಗೂ ಬೀಳಕೂಡದು. ಯಾರೂ ತಿರುಗಿ ನೋಡದೆ ಕಾಪಾಡಿಕೊಂಡು ಬಂದ ಗುಟ್ಟು, ಯಂತ್ರಕ್ಕೆ ಕೊಟ್ಟು ಬಯಲು ಮಾಡುವುದುಂಟೇ? ವಿಭಾಗದವರೂ ಒಪ್ಪಿದರು, ಮಾತು ಕೊಟ್ಟರು. ಪ್ರಶ್ನೆಗಳನ್ನೆಲ್ಲ ಮನುಷ್ಯರು ಕೇಳಿಸಿಕೊಳ್ಳದ ಹಾಗೆ ಕಂಪ್ಯೂಟರಿನ ಕೈಯಿಂದಲೇ ಕತ್ತರಿಸಿ ತೆಗೆಸಿದರು. ಉಳಿದದ್ದು ಬರೀ ಉತ್ತರ. ಆದರೆ ಬರೀ ಉತ್ತರ ಇಟ್ಟುಕೊಂಡು ಹುಡುಕುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿದರು. ಕತ್ತರಿಸಿದ ಪ್ರಶ್ನೆಗಳ ಮಾತುಗಳನ್ನು ಕಂಪ್ಯೂಟರು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿತು. ಹೊಸಬರು ಯಾರಾದರೂ ಏನಾದರೂ ಕೇಳಿದರೆ, ಆ ಮಾತಿನ ಧಾಟಿಗೆ ಹತ್ತಿರವಾದ ಹಳೆಯ ಪ್ರಶ್ನೆ ಯಾವುದೆಂದು ನೋಡುತ್ತದೆ, ಅದರ ಉತ್ತರವನ್ನು ಕೇಳಿಸುತ್ತದೆ. ಹಳೆಯ ಪ್ರಶ್ನೆ ಏನಿತ್ತು ಎಂದು ಮಾತ್ರ ಯಾರಿಗೂ ತೋರಿಸುವುದಿಲ್ಲ.

ಅಂದರೆ ಯಾರೋ ತಮ್ಮ ಗೋಡೆಯ ತಂಟೆಯನ್ನೋ ತಮ್ಮ ಅತ್ತೆಯ ಕಾಟವನ್ನೋ ಕೇಳಿದ್ದಕ್ಕೆ ಹೇಳಿದ ಉತ್ತರ ನನ್ನ ಹೆಂಡತಿಯ ಪಿತ್ತಕೋಶಕ್ಕೆ ಬಂದಿದೆ. ಇದನ್ನು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ಓದಿದವರು, ಇಷ್ಟು ಜನ ಕೂತು ಚರ್ಚೆ ಮಾಡಿ, ಪ್ರಶ್ನೆಯನ್ನು ಕಿತ್ತು ಉತ್ತರವನ್ನು ಮಾತ್ರ ಹಂಚಿದ್ದಾರೆ. ಕೆಟ್ಟ ಉದ್ದೇಶದಿಂದ ಮಾಡಿದ್ದರೆ ಬೈಯಲು ಸುಲಭವಾಗುತ್ತಿತ್ತು.

ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿ, ಜ್ವರ ಇಳಿದಿಲ್ಲ ಅಪ್ಪ, ಚಳಿ ಚಳಿ ಅಂತಿದ್ದಾಳೆ ಅಂದಳು. ಫೋನನ್ನು ಅಮ್ಮನ ಕಿವಿಗೆ ಇಡು ಅಂದೆ. ಆ ಉತ್ತರ ನಿನಗೆ ಹೇಳಿದ್ದಲ್ಲ, ಇನ್ಯಾರದೋ ಪ್ರಶ್ನೆಗೆ ಹೇಳಿದ್ದು, ತಂಗಿಯೇ ಹೇಳುತ್ತಿದ್ದಾಳೆ ಎಂದು ಬಿಡಿಬಿಡಿಯಾಗಿ ಹೇಳಿದೆ.

"ಯಾರ ಪ್ರಶ್ನೆ ಅಂತ ನಿಮಗೆ ಗೊತ್ತಾ?" ಅಂದಳು.

ಗೊತ್ತಿಲ್ಲ ಅಂದೆ.

"ಹಾಗಾದ್ರೆ ಬಿಡಿ," ಅಂದಳು, ಫೋನು ಮಗಳ ಕೈಗೆ ಹೋಯಿತು.

ಹಟಮಾರಿತನ ಅಂದುಕೊಂಡೆ. ಬರೀ ಬಾಯಿಮಾತಿಗೆ ಅವಳು ಜಗ್ಗುವವಳಲ್ಲ, ಆ ಪ್ರಶ್ನೆಯನ್ನೇ ಅವಳ ಕಿವಿಗೆ ಹಾಕಬೇಕು. ಮೂಲ ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿ ಎಲ್ಲಿದೆ ಎಂದು ತಂಗಿಯನ್ನು ಕೇಳಿದೆ. ಇದೇ ಕಂಪ್ಯೂಟರಿನಲ್ಲಿ ಬೀಗ ಹಾಕಿ ಇಟ್ಟಿದೆ, ಪಾಸ್‌ವರ್ಡ್ ತನ್ನ ಹತ್ತಿರವೂ ಇದೆ, ಆದರೆ ಮುಖ್ಯಸ್ಥರ ಅನುಮತಿ ಇಲ್ಲದೆ ತೆರೆದರೆ ಕೆಲಸದಿಂದ ತೆಗೆಯುತ್ತಾರೆ, ತೆಗೆಯಬೇಕಾದದ್ದೇ ಅಂದಳು. ನಾನು ಅವಳನ್ನು ಎಳೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ.

ಮುಖ್ಯಸ್ಥರು ಮೃದು ಮನುಷ್ಯ. ನನಗೆ ಕುರ್ಚಿ ತೋರಿಸಿದರು, ನೀರು ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಆಗುವುದಿಲ್ಲ ಅಂದರು. ಆ ಸಭೆಯ ಜನ ನಮ್ಮನ್ನು ನಂಬಿ ಕೊಟ್ಟದ್ದು, ಒಬ್ಬರ ಗುಟ್ಟನ್ನು ನಾವು ಹೊರಗೆ ಬಿಟ್ಟರೆ ಇನ್ನು ಯಾವ ಸಭೆಯವರೂ ನಮ್ಮನ್ನು ಬಾಗಿಲೊಳಗೆ ಬಿಡುವುದಿಲ್ಲ. ಆ ಪ್ರಶ್ನೆ ಕೇಳಿದ ಹೆಂಗಸು ಎಲ್ಲೋ ಬದುಕಿರಬಹುದು, ಅವರ ಮನೆಯವರಿಗೆ ತಿಳಿಯಬಾರದ್ದು ಏನೋ ಅದರಲ್ಲಿರಬಹುದು. ನಿಮ್ಮ ಸಂಕಟಕ್ಕೆ ಅವರ ಸಂಸಾರ ಒಡೆಯಬಹುದೇ ಎಂದು ನನ್ನನ್ನೇ ಕೇಳಿದರು. ಯಂತ್ರವನ್ನು ಈಗಿಂದೀಗಲೇ ನಿಲ್ಲಿಸುತ್ತೇನೆ ಅಂದರು. ನಿಲ್ಲಿಸಿದರೆ ನನ್ನ ಹೆಂಡತಿ ಕೇಳಿದ ಉತ್ತರ ಅವಳ ಕಿವಿಯಿಂದ ವಾಪಸು ಬರುತ್ತದೆಯೇ?

ನಾನು ಮೇಜು ಗುದ್ದಿದೆ. ನೀರಿನ ಲೋಟ ಉರುಳಿತು. ಯಾರೋ ಗೊತ್ತಿಲ್ಲದ ಹೆಂಗಸಿನ ಮಾನಕ್ಕೆ ಇರುವ ಬೆಲೆ ನನ್ನ ಹೆಂಡತಿಯ ಜೀವಕ್ಕೆ ಇಲ್ಲವೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರ ಓದಿಗೆ ಬೆಂಕಿ ಬೀಳಲಿ ಎಂದೂ ಅಂದೆ. ತಂಗಿ ನನ್ನ ತೋಳು ಹಿಡಿದು ಜಗ್ಗಿದಳು. ಮುಖ್ಯಸ್ಥರು ಎದ್ದು, ಒದ್ದೆಯಾದ ಕಾಗದಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟರು.

"ನಾನು ಅನುಮತಿ ಕೊಡೋದಿಲ್ಲ," ಅಂದರು ತಂಗಿಗೆ. "ಕೇಳಿದ್ರು, ಕೊಡಲಿಲ್ಲ ಅಂತ ಬರೆದಿಡ್ತೀನಿ. ಈಗ ನನಗೆ ಕ್ಲಾಸ್ ಇದೆ. ಮುಗಿಯೋಕೆ ಹೊತ್ತಾಗುತ್ತೆ."

ಹೋಗಿಬಿಟ್ಟರು. ಅವರು ನಮಗೆ ದಾರಿ ಬಿಟ್ಟುಕೊಟ್ಟರೋ ಅಥವಾ ನಿಜವಾಗಿಯೂ ಕ್ಲಾಸ್ ಇತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ತಂಗಿಗೂ ಗೊತ್ತಿರಲಿಲ್ಲ. ಅವಳು ಸ್ಪಂಜಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತು, ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಪರದೆ ನೋಡಿದಳು. ಅವಳ ಇಷ್ಟು ವರ್ಷದ ದುಡಿಮೆ ಅದರಲ್ಲಿತ್ತು. ಬೇರೆ ದಿನವಾಗಿದ್ದರೆ ಪಾಪ ಅನ್ನಿಸುತ್ತಿತ್ತು. ಅವತ್ತು ನಾನು ಗಡಿಯಾರ ನೋಡುತ್ತಿದ್ದೆ. ಅಷ್ಟರಲ್ಲಿ ಮಗಳ ಫೋನು ಬಂತು, ಅಮ್ಮ ಏನೇನೋ ಮಾತಾಡುತ್ತಿದ್ದಾಳೆ, ಅಜ್ಜಿಯನ್ನು ಕರೆಯುತ್ತಿದ್ದಾಳೆ ಎಂದು ಅಳುತ್ತ ಹೇಳಿದಳು. ಫೋನಿನ ದನಿ ಆ ಕೋಣೆಯಲ್ಲಿ ತಂಗಿಗೂ ಕೇಳಿಸಿತು. ಅವಳು ಪಾಸ್‌ವರ್ಡ್ ಒತ್ತಿದಳು.

ಮೊದಲು ತಾನೊಬ್ಬಳೇ ಕೇಳುತ್ತೇನೆ ಅಂದಳು. ಹೆಸರೋ ಗುರುತೋ ಏನಾದರೂ ಇದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ನನಗೆ ಹೇಳುತ್ತೇನೆ ಅಂದಳು. ಅಷ್ಟಾದರೂ ಮಾತು ಉಳಿಸಿಕೊಂಡ ಹಾಗಾಗುತ್ತದೆ ಎಂದು ಅವಳ ಆಸೆ. ಹೆಡ್‌ಫೋನು ಹಾಕಿಕೊಂಡಳು. ಈಗ ಪರದೆಯ ಮೇಲೆ ಬೋಳು ಗೆರೆ ಇದ್ದ ಜಾಗದಲ್ಲಿ ಸಣ್ಣ ಸಣ್ಣ ಮೊನೆಗಳು ಕಂಡವು. ನಾನು ಅವಳ ಮುಖ ನೋಡುತ್ತ ನಿಂತೆ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಕಣ್ಣು ನನ್ನ ಕಡೆ ಹೊರಳಿತು, ತಕ್ಷಣ ಬೇರೆ ಕಡೆ ಹೋಯಿತು. ಕುತ್ತಿಗೆಯ ತನಕ ಕೆಂಪಾದಳು. ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ಎರಡೂ ಕೈ ಮುಚ್ಚಿದಳು.

"ಅಣ್ಣ, ಇದನ್ನ ನೀನು ಕೇಳೋದು ಬೇಡ."

ಏನು ಅಂದೆ.

"ಅತ್ತಿಗೆಗೆ ನಾನೇ ಬಂದು ಹೇಳ್ತೀನಿ. ನೀನು ಕೇಳ್ಬೇಡ. ನನ್ನ ಮಾತು ಕೇಳು."

ಅವಳ ಮಡಿಲಿಂದ ಅದನ್ನು ಕಿತ್ತುಕೊಂಡೆ. ಅವಳು ಬಿಡಲಿಲ್ಲ, ತಂತಿ ಜಗ್ಗಿತು, ಚಿಕ್ಕಂದಿನಲ್ಲಿ ಜಗಳವಾಡಿದ ಹಾಗೆ ಇಬ್ಬರೂ ಎಳೆದಾಡಿದೆವು. ನನ್ನ ಕೈ ಗಟ್ಟಿ. ಹಾಕಿಕೊಂಡು, ಅವಳು ಒತ್ತಿದ್ದ ಗುಂಡಿಯನ್ನೇ ಒತ್ತಿದೆ.

ಮೊದಲು ಕುರ್ಚಿಯೋ ಚಾಪೆಯೋ ಎಳೆದ ಸದ್ದು. ಆಮೇಲೆ ಒಂದು ಎಳೆಯ ದನಿ. ಆ ದನಿಯನ್ನು ನಾನು ಮದುವೆಯ ಹೊಸದರಲ್ಲಿ ಕೇಳಿದ್ದೆ, ಆಮೇಲೆ ಅದು ಮನೆಯಲ್ಲಿ ಇರಲಿಲ್ಲ. ಇರಲಿಲ್ಲ ಎಂಬುದು ಅವತ್ತೇ ನನ್ನ ಗಮನಕ್ಕೆ ಬಂದದ್ದು.

"ದೊಡ್ಡವರೇ, ಎಷ್ಟು ಸಹಿಸಿಕೊಂಡು ಬಂದಿದ್ದೀನಿ ಅಂತ ನನಗೊಬ್ಬಳಿಗೇ ಗೊತ್ತು. ಇನ್ನು ತಡೆಯೋಕೆ ಆಗ್ತಿಲ್ಲ. ಅವರು ಕೈ ಎತ್ತೋದಿಲ್ಲ. ಮಾತಲ್ಲೇ ಸಾಯಿಸ್ತಾರೆ, ಆಮೇಲೆ ವಾರಗಟ್ಟಲೆ ಮಾತೇ ಆಡಲ್ಲ. ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದು ಕೇಳಿದ್ರೆ ಮಗು ಬಂದು ನನ್ನ ಹಿಂದೆ ನಿಂತ್ಕೊಳ್ಳುತ್ತೆ. ಬಿಟ್ಟು ಹೋಗ್ಬಿಡಲಾ? ನನಗೆ ಹೆದರಿಕೆ ಆಗ್ತಿದೆ. ನೀವು ಏನು ಹೇಳ್ತೀರೋ ಹಾಗೆ ಮಾಡ್ತೀನಿ."

ಆಮೇಲೆ ಕೆಮ್ಮು. ಬೇಡ ಮಗಳೇ.

ಯಂತ್ರ ತಪ್ಪು ಮಾಡಿರಲಿಲ್ಲ. ಮನುಷ್ಯರ ಮಾತಿಗೊಂದು ಧಾಟಿ ಇರುತ್ತದೆ, ಅದು ವರ್ಷಗಳು ಕಳೆದರೂ ಹೋಗುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಬರೆದದ್ದನ್ನು ತಂಗಿ ಪಕ್ಕದ ಪರದೆಯಲ್ಲಿ ತೆರೆದು ತೋರಿಸಿದಳು. ಎಷ್ಟು ಸಹಿಸಿಕೊಂಡು ಬಂದಿದ್ದೀನಿ ಅಂತ ನನಗೊಬ್ಬಳಿಗೇ ಗೊತ್ತು, ಹೆದರಿಕೆ ಆಗ್ತಿದೆ, ನೀವು ಏನು ಹೇಳ್ತೀರೋ ಹಾಗೆ ಮಾಡ್ತೀನಿ. ನಡುವೆ ಗಂಡನ ಬದಲು ಆಪರೇಷನ್ನು. ಇಡೀ ಸಭೆಯ ಪ್ರಶ್ನೆಗಳಲ್ಲಿ ಹುಡುಕಿ ಹುಡುಕಿ, ಅವಳ ಮಾತಿಗೆ ಎಲ್ಲಕ್ಕಿಂತ ಹತ್ತಿರ ಅವಳದೇ ಮಾತು ಎಂದು ಯಂತ್ರ ಕಂಡುಕೊಂಡಿತ್ತು.

ನನಗೆ ಸಿಟ್ಟು ಬರಬೇಕಿತ್ತು. ಗಂಡನ ವಿಷಯವನ್ನು ಒಂದು ಕೋಣೆಯಷ್ಟು ಜನರ ಎದುರು ಹೇಳಿದ್ದಾಳೆ, ನನ್ನ ಸ್ವಭಾವಕ್ಕೆ ಅಷ್ಟು ಸಾಲದೇ? ಬರಲಿಲ್ಲ. ಆ ಜನರೆಲ್ಲ ಗೋಡೆಗೆ ಮುಖ ಮಾಡಿ ಕೂತು ಇದನ್ನು ಕೇಳಿ, ಆಮೇಲೆ ದಾರಿಯಲ್ಲಿ ನಾನು ಸಿಕ್ಕಿದಾಗ ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದರು. ತಂಗಿ ಅಳುತ್ತಿದ್ದಳು. ಇದನ್ನು ಪ್ರತಿ ಮಾಡಿ ಕೊಡಲೇ ಎಂದು ಅವಳೇ ಕೇಳಿದಳು. ಬೇಡ ಅಂದೆ. ಇದು ಈ ಕೋಣೆಯಿಂದ ಹೊರಗೆ ಹೋಗಬಾರದು, ನಿಮ್ಮ ಮುಖ್ಯಸ್ಥರು ಹೇಳಿದ್ದು ಸರಿ ಅಂದೆ. ಅವರಿಗೆ ಬೈದದ್ದಕ್ಕೆ ನನ್ನ ಪರವಾಗಿ ಕ್ಷಮೆ ಕೇಳು ಎಂದೂ ಹೇಳಬೇಕಿತ್ತು, ಅದಕ್ಕೆ ಹೊತ್ತಿರಲಿಲ್ಲ.

ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋದೆ. ಪ್ರಶ್ನೆ ಯಾರದೆಂದು ಹೇಳುವುದು ಬೇಡ, ಯಾರೋ ಒಬ್ಬ ಹೆಂಗಸು ತನ್ನ ಸಂಸಾರದ ವಿಷಯ ಕೇಳಿದ್ದು ಅಂದರೆ ಸಾಕು. ಅವಳ ಗುಟ್ಟು ಅವಳಿಗೇ ಇರಲಿ, ಜೀವ ಉಳಿಯಲಿ. ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯವನಿಗೆ ಹಾರ್ನ್ ಹೊಡೆಯುವುದನ್ನೂ ಮರೆತು ಕೂತಿದ್ದೆ.

ಹೆಂಡತಿ ಗೋಡೆಯ ಕಡೆ ಹೊರಳಿ ಮಲಗಿದ್ದಳು. ತುಟಿ ಒಣಗಿ ಬಿರಿದಿತ್ತು. ಮುಟ್ಟಿದರೆ ಕೈ ಸುಡುತ್ತಿತ್ತು, ಬಡಬಡಿಕೆ ಮಾತ್ರ ನಿಂತಿತ್ತು. ನನ್ನ ಹೆಜ್ಜೆಗೆ ಅವಳ ಭುಜ ಸ್ವಲ್ಪ ಬಿಗಿಯಾಯಿತು. ಎಷ್ಟು ಸಣ್ಣ ಬಿಗಿತ ಅದು, ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ. ಮಗಳನ್ನು ಹೊರಗೆ ಕಳಿಸಿ, ಕುರ್ಚಿ ಎಳೆಯದೆ ನೆಲದ ಮೇಲೆ ಕೂತೆ. ಹೊಂದಿಸಿಕೊಂಡು ಬಂದದ್ದನ್ನು ಹೇಳಿದೆ. ಯಾರೋ ಒಬ್ಬ ಹೆಂಗಸು ಎಂದು ಶುರುಮಾಡಿದೆ.

"ಯಾವ ಹೆಂಗಸು?" ಅಂದಳು.

ನಾನು ಹಾಸಿಗೆಯ ಅಂಚು ನೋಡಿದೆ.

"ಕೇಳಿಸ್ಕೊಂಡ್ರಾ?"

"ಹೂಂ."

ಅವಳು ಕಣ್ಣು ಮುಚ್ಚಿದಳು. ನಾಚಿಕೆಯೋ ನೋವೋ ಹೇಳುವುದು ಕಷ್ಟ. ಆಮೇಲೆ ನಿಧಾನವಾಗಿ, ನಡುನಡುವೆ ಉಸಿರೆಳೆದುಕೊಂಡು ಮಾತಾಡಿದಳು. "ಆ ಕೆಮ್ಮು ಕೇಳಿದ ಕೂಡಲೇ ಗೊತ್ತಾಯ್ತು ನನಗೆ. ಅವತ್ತು ನನಗೆ ಹೇಳಿದ ಮಾತನ್ನೇ ಇವತ್ತೂ ಹೇಳಿದ್ರು. ಸತ್ತ ಮೇಲೂ ನನ್ನ ಮರೆತಿಲ್ಲ ಅಂದ್ಕೊಂಡೆ. ಅವತ್ತು ಅವರ ಮಾತು ನಂಬಿ ಉಳ್ಕೊಂಡೆ. ತಾಳಿಕೊಂಡೆ. ಸರಿಹೋಯ್ತಲ್ಲ? ಇದೂ ಸರಿಹೋಗುತ್ತೆ."

ಹಾಗಾದರೆ ಅವಳಿಗೆ ಎಲ್ಲ ಗೊತ್ತಿತ್ತು. ಉತ್ತರ ತನ್ನದೇ ಹಳೆಯ ಪ್ರಶ್ನೆಯದೆಂದು ಗೊತ್ತಿದ್ದೇ ನಂಬಿದ್ದಳು. ಗೊತ್ತಿದ್ದರಿಂದಲೇ ಅವಳ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಒಂದು ಸಲ ನಿಜವಾದ ಮಾತು ಇನ್ನೊಂದು ಸಲ ಯಾಕೆ ಸುಳ್ಳಾದೀತು? ಆ ಮಾತಿಗೆ ಸಾಕ್ಷಿ ನಾನು, ಈ ಮನೆ, ನಾವಿಬ್ಬರೂ ಒಂದೇ ಸೂರಿನ ಕೆಳಗೆ ಕಳೆದ ವರ್ಷಗಳು. ಹೌದು, ಸರಿಹೋಯಿತು ಅಂದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅವಳೂ ನನ್ನ ಮುಖ ನೋಡಿ ಆ ಹೌದಿಗೇ ಕಾಯುತ್ತಿದ್ದಳು. ಜ್ವರದ ಕಣ್ಣು, ರೆಪ್ಪೆ ಬಡಿಯುತ್ತಿರಲಿಲ್ಲ.

"ಸರಿಹೋಗಲಿಲ್ಲ," ಅಂದೆ.

ಅವಳು ಹೊದಿಕೆಯ ಅಂಚನ್ನು ಹಿಡಿದುಕೊಂಡಳು.

"ನಾನು ಸರಿಹೋಗಲಿಲ್ಲ ಕಣೆ. ನೀನು ಮಾತಾಡೋದನ್ನ ನಿಲ್ಲಿಸಿಬಿಟ್ಟೆ, ನನಗೆ ಕಿರುಚೋಕೆ ಏನೂ ಸಿಗಲಿಲ್ಲ. ಅದನ್ನೇ ಇಬ್ರೂ ಸರಿಹೋಯ್ತು ಅಂದ್ಕೊಂಡ್ವಿ. ಇವತ್ತು ಬೆಳಗ್ಗೆ ನೀನು ಹೊಟ್ಟೆ ಹಿಡ್ಕೊಂಡು ಕೂತಿದ್ರೂ ಕಿರುಚಿದೆ. ನಾನು ಅವನೇ. ಅವತ್ತು ದೊಡ್ಡವರು ಹೇಳಿದ್ದು ತಪ್ಪು. ನೀನು ಹೋಗಬೇಕಿತ್ತು."

ಈ ಮನೆಯಲ್ಲಿ ದೊಡ್ಡವರು ತಪ್ಪು ಎಂದು ಯಾರೂ ಯಾವತ್ತೂ ಅಂದಿರಲಿಲ್ಲ, ನಾನು ಕೂಡ. ಮುದುಕರನ್ನು ಗೇಲಿ ಮಾಡಿದ್ದೆ, ಅಷ್ಟೇ. ಅವಳು ನನ್ನನ್ನೇ ನೋಡುತ್ತಿದ್ದಳು. ಆಚೆ ಮಗಳು ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಾಳೆಂದು ನೆರಳಿನಿಂದ ಗೊತ್ತಾಗುತ್ತಿತ್ತು.

"ಇದನ್ನ ಹೇಳೋಕೆ ನಿಮಗೆ ಇಷ್ಟು ವರ್ಷ ಬೇಕಾಯ್ತು," ಅಂದಳು. ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಒರೆಸಲು ಕೈ ಚಾಚಿದೆ. ತಲೆ ಆ ಕಡೆ ತಿರುಗಿಸಿಕೊಂಡಳು.

ಮಗಳನ್ನು ಕರೆಯಿರಿ, ಆಸ್ಪತ್ರೆಗೆ ಹೋಗಲು ಬಟ್ಟೆ ಬದಲಾಯಿಸಬೇಕು ಅಂದಳು. ನಾನು ಸರ್ಜನ್ನರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಬೇಗ ಬನ್ನಿ ಎಂದಷ್ಟೇ ಹೇಳಿದರು. ಮಗಳು ಹಿಂದಿನ ಸೀಟಿನಲ್ಲಿ ಅಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ರಸ್ತೆಯ ಗುಂಡಿ ಗುಂಡಿಗೂ ಹಿಂದಿನಿಂದ ನರಳುವ ಸದ್ದು ಬರುತ್ತಿತ್ತು. ನಾನು ಕಾರು ಅಷ್ಟು ಮೆಲ್ಲಗೆ, ಅಷ್ಟು ಜೋರಾಗಿ ಯಾವತ್ತೂ ಓಡಿಸಿರಲಿಲ್ಲ.

ಸ್ಟ್ರೆಚರಿನ ಮೇಲೆ ಮಲಗಿಸಿ ಒಳಗೆ ತಳ್ಳಿಕೊಂಡು ಹೋಗುವಾಗ ಅವಳು ಕೈ ಎತ್ತಿ ನಿಲ್ಲಿಸಿದಳು. ನಾನು ಬಗ್ಗಿದೆ.

"ಎದ್ದು ಬಂದ್ರೆ ಆ ಪ್ರಶ್ನೆ ಇನ್ನೊಂದ್ಸಲ ಕೇಳ್ತೀನಿ," ಅಂದಳು. "ಈ ಸಲ ನಿಮ್ಮನ್ನೇ ಕೇಳ್ತೀನಿ."

ಕೇಳು ಅಂದೆ. ಬಾಗಿಲು ಮುಚ್ಚಿಕೊಂಡಿತು.

ಒಳಗೆ ಕೀವು ಅದಾಗಲೇ ಸ್ವಲ್ಪ ಸೋರಿತ್ತಂತೆ. ತುಂಬ ಹೊತ್ತು ಹಿಡಿಯಿತು. ತಂಗಿ ಬಂದು ನನ್ನ ಪಕ್ಕ ಕೂತಳು. ಮುಖ್ಯಸ್ಥರಿಗೆ ತಾನೇ ಎಲ್ಲ ಹೇಳಿ ಬಂದಿದ್ದಾಳಂತೆ, ನಾಳೆ ಕರೆಯುತ್ತೇವೆ ಅಂದಿದ್ದಾರಂತೆ. ಮಗಳು ನಮ್ಮಿಬ್ಬರಿಂದ ದೂರ, ಇನ್ನೊಂದು ಬೆಂಚಿನ ಮೇಲೆ ಕೂತಿದ್ದಳು. ಹತ್ತಿರ ಬಾ ಎಂದು ಕರೆಯಲು ನನಗೆ ಧೈರ್ಯ ಬರಲಿಲ್ಲ. ದೇವರೇ ಎಂದು ಬಾಯಿಗೆ ಬಂತು. ಯಾವ ದೇವರು, ಯಾರ ದೇವರು ಎಂದು ಗೊತ್ತಿಲ್ಲದೆ ಅದನ್ನೇ ಹೇಳುತ್ತ ಕೂತೆ. ಅವಳು ಬದುಕಲಿ. ಬದುಕಿ ನನ್ನನ್ನು ಬಿಟ್ಟು ಹೋದರೂ ಹೋಗಲಿ, ಬದುಕಲಿ.

ಕೊನೆಗೆ ಬಾಗಿಲು ತೆರೆಯಿತು. ಸರ್ಜನ್ನರು ಮುಖದ ಮುಸುಕು ಕೆಳಗೆ ಎಳೆದುಕೊಂಡು, ಉಳಿದರು, ಎಚ್ಚರ ಬಂದಿದೆ ಅಂದರು. ನಿಮ್ಮನ್ನೇ ಕರೆಯುತ್ತಿದ್ದಾರೆ ಅಂದರು.

ಏನು ಕೇಳುತ್ತಾಳೆಂದು ಗೊತ್ತಿತ್ತು. ಉತ್ತರ ಹೊಳೆದಿರಲಿಲ್ಲ. ಒಳಗೆ ಹೋದೆ.